ಷರಾ ಕಾಲಂ

ನವೆಂಬರ್ 3, ಸೋಮವಾರ

ಮತ್ತೆ ಕಾಪಿ, ಪೇಸ್ಟ್. ಒಂದೊಂದು ರಾಗಿ ಕ್ಲೀನಿಂಗ್ ಮೆಷಿನ್‌ಗೂ ಒಂದೊಂದು ಮ್ಯಾನುಯಲ್. ಮೋಟಾರು ಬೇರೆ, ಬೆಲ್ಟ್ ಬೇರೆ, ಜರಡಿ ಬೇರೆ. ಎಲ್ಲ ಡೇಟಾಬೇಸಿನಲ್ಲಿದೆ. ಅದನ್ನು ನೋಡಿ ನೋಡಿ ವರ್ಡ್‌ನಲ್ಲಿ ಕೂರಿಸುವ ಕತ್ತೆ ಚಾಕರಿ ನನ್ನದು. ಒಂದಕ್ಕೆ ಒಂದೂವರೆ ದಿನ. ಹೋದ ತಿಂಗಳು ಒಂದು ಬೆಲ್ಟ್ ನಂಬರ್ ತಪ್ಪಿ ಓನರ್ ಬಸವಪ್ರಸಾದ್ ಅವರಿಂದ ಬೈಸಿಕೊಂಡೆ. ಪ್ರೊಬೇಷನ್ ಈ ಮೂವತ್ತಕ್ಕೆ ಮುಗಿಯುತ್ತದೆ. ಕಾಯಂ ಮಾಡುತ್ತಾರೋ, ತಾಂಡವಪುರದ ಈ ಫ್ಯಾಕ್ಟರಿ ಸಾಕು ಅಂತ ನಮ್ಮೂರು ದೇವನೂರಿಗೇ ಕಳಿಸುತ್ತಾರೋ...

ನವೆಂಬರ್ 7, ಶುಕ್ರವಾರ

ಆಯಿತು! ಬಟನ್ ಒತ್ತಿದರೆ ಸಾಕು — ಡೇಟಾಬೇಸಿನಿಂದ ತಾನೇ ಎತ್ತಿಕೊಂಡು, ಪಟ್ಟಿ, ಚಿತ್ರ, ಪುಟಸಂಖ್ಯೆ ಸಮೇತ ಪಿಡಿಎಫ್ ರೆಡಿ. ನಲವತ್ತು ಸೆಕೆಂಡ್. ಮೂರು ಭಾನುವಾರ ಕೂತು ಬರೆದ ಪ್ರೋಗ್ರಾಮು. ಕುರ್ಚಿಯಲ್ಲೇ ಕುಣಿದೆ.

ರಾಚಯ್ಯನವರಿಗೆ ತೋರಿಸಿದೆ. ಇಪ್ಪತ್ತಾರು ವರ್ಷದಿಂದ ಇಲ್ಲಿ ಮೆಷಿನ್ ಜೋಡಿಸುತ್ತಿರುವವರು, ಮಾರ್ಚಿಗೆ ರಿಟೈರು. ಕನ್ನಡಕ ಏರಿಸಿ ನೋಡಿದರು. ಪುಟ ಲಕ್ಷಣವಾಗಿದೆಯಂತೆ, ಆದರೆ ಇದನ್ನು ಓದಿ ಯಾವನೂ ಒಂದು ಬೆಲ್ಟು ಹಾಕಲಾರನಂತೆ. ಉರಿದುಹೋಯಿತು. ಹಾಗಾದರೆ ಹೊಸ ಫಿಟ್ಟರ್ ಹುಡುಗನಿಗೆ ಹೇಳುವ ಹಾಗೆ ನೀವೇ ಹೇಳಿ ಅಂತ ಕೂರಿಸಿಕೊಂಡೆ. ಒಂದೊಂದು ಪಾರ್ಟಿನ ಬಗ್ಗೆ ಹೇಳಿದ್ದನ್ನು ಹೇಳಿದ ಹಾಗೇ ಡೇಟಾಬೇಸಿನ ‘ಷರಾ’ ಕಾಲಂನಲ್ಲಿ ಟೈಪ್ ಮಾಡಿದೆ. ಆಮೇಲೆ ನೆಟ್ಟಗಿನ ಭಾಷೆಗೆ ತಿರುಗಿಸಿದರಾಯಿತು.

ನವೆಂಬರ್ 10, ಸೋಮವಾರ

ತಿ. ನರಸೀಪುರದ ಕಾಂತರಾಜು ಅವರ ಮಿಲ್ಲಿಗೆ ಮೂರು ಮೆಷಿನ್ ಹೊರಟವು. ಮೂರು ಮ್ಯಾನುಯಲ್, ಎರಡು ನಿಮಿಷ. ನಂಜನಗೂಡಿನಲ್ಲಿ ಸ್ಪೈರಲ್ ಹಾಕಿಸಿ ಲಾರಿಗೆ ಕೊಟ್ಟೆ. ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿದೆ.

ನವೆಂಬರ್ 11, ಬೆಳಿಗ್ಗೆ 9.40

ಕೆಟ್ಟೆ. ಆಫೀಸ್ ಕಾಪಿ ಈಗ ತೆರೆದೆ. ಷರಾ ಕಾಲಂ ಬಿಡು ಅಂತ ಪ್ರೋಗ್ರಾಮಿಗೆ ಹೇಳೇ ಇಲ್ಲ. ರಾಚಯ್ಯನವರು ಹೇಳಿದ್ದಷ್ಟೂ ಅಚ್ಚಾಗಿದೆ, ಸುತ್ತ ಚೌಕಟ್ಟು ಬೇರೆ. ಪುಟ 12:

“ಬೆಲ್ಟ ಬೋ ಬಿಗಿಬ್ಯಾಡ ಕಣ್ಲಾ. ಎಬ್ಬೆಟ್ಟಲ್ಲಿ ಅಮುಕಿದ್ರೆ ಅರ್ಧ ಇಂಚು ತಗ್ಗಬೇಕು. ಇಲ್ದಿದ್ರೆ ಬೇರಿಂಗು ಓಯ್ತದೆ.”

ಪುಟ 15:

“ಜರಡಿ ಕಟ್ಕಂಡ್ರೆ ಸುತ್ತಿಗೆಲಿ ಬಡೀಬ್ಯಾಡ, ಮಾವನ ಮನೆ ಬಾಗ್ಲಲ್ಲ ಅದು. ಪೊರಕೆಲಿ ಉಜ್ಜು.”

ಮಿಲ್ ಓನರಿಗೆ ಕಣ್ಲಾ!

11.15

ನಾನೇ ಹೋಗಿ ಹೇಳಿದೆ. ಮುಚ್ಚಿಡುವ ಧೈರ್ಯ ಇರಲಿಲ್ಲ. ಬಸವಪ್ರಸಾದ್ ಸರ್ ಓದಿದರು. ಸರಿಯಾದ ಮೂರನ್ನು ಕೊಟ್ಟು ಆ ಮೂರನ್ನೂ ನಾಳೆ ವಾಪಸು ತರಬೇಕಂತೆ. ಕಾಯಂ ವಿಷಯ ಆಮೇಲೆ ನೋಡೋಣ ಅಂದರು. ಆ ‘ಆಮೇಲೆ’ ನನಗೆ ಗೊತ್ತಿಲ್ಲದ್ದೇ?

ನವೆಂಬರ್ 13, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಖುಷಿಗೆ ಕೂತಲ್ಲಿ ಕೂರಲಾಗಲಿಲ್ಲ.

ಬಸ್ಸಿನುದ್ದಕ್ಕೂ ಕ್ಷಮಾಪಣೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೋಗಿ ನೋಡಿದರೆ ಮಿಲ್ಲಿನಲ್ಲಿ ಮೂರೂ ಮೆಷಿನ್ ಓಡುತ್ತಿವೆ. ನಮ್ಮ ಫಿಟ್ಟರು ಇನ್ನೂ ಹೋಗಿಯೇ ಇಲ್ಲ. ಯಾರು ಜೋಡಿಸಿದ್ದು ಅಂದರೆ, ಮ್ಯಾನುಯಲ್ ನೋಡಿಕೊಂಡು ಅವರೇ! ನಾನು ತಡವರಿಸುತ್ತ ತಪ್ಪಾಯಿತು ಅಂದೆ, ಹೊಸದನ್ನು ಮುಂದಿಟ್ಟೆ. ಕಾಂತರಾಜು ಎಲ್ಲ ಹಾಳೆ ತಿರುವಿದರು.

“ಇದ್ರಲ್ಲಿ ಆವಯ್ಯನೇ ಇಲ್ವಲ್ಲವ್ವ. ಬೈಕಂಡ್ ಬೈಕಂಡ್ ಯೋಳ್ಕೊಡ್ತಾನಲ್ಲ, ಆವಯ್ಯ. ಇದ ನೀನೇ ಮಡಿಕೊ.”

ಹಳೆಯದು ಒಂದನ್ನೂ ಕೊಡಲಿಲ್ಲ. ನನ್ನೆದುರೇ ಓನರಿಗೆ ಫೋನು. ಅವರ ಭಾವಮೈದನಿಗೂ ಒಂದು ಮೆಷಿನ್ ಬೇಕಂತೆ, ‘ಬೈಯೋ ಪುಸ್ತಕ’ದ ಸಮೇತ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ನವೆಂಬರ್ 19, ಬುಧವಾರ

ಕಾಯಂ ಪತ್ರ ಕೈಗೆ ಬಂತು! ಜೊತೆಗೆ ಸರ್ ಬಾಯಿಮಾತಿನಲ್ಲಿ ಒಂದು ಷರತ್ತು: ಮಾರ್ಚಿನೊಳಗೆ ನಾನೂರ ಹನ್ನೆರಡು ಪಾರ್ಟ್‌ಗಳಿಗೂ ಷರಾ ತುಂಬಬೇಕು. ಕಾಲಂ ಹೆಸರು ಬದಲಾಯಿಸಿದೆ — ‘ರಾಚಯ್ಯ ಹೇಳಿದ್ದು’.

ಅವರಿಗೆ ಪುಟ 12 ತೋರಿಸಿದೆ. ತಮ್ಮ ಮಾತನ್ನೇ ಬೆರಳಿಟ್ಟು ಎರಡು ಸಲ ಓದಿದರು. ನಾಚಿಕೊಂಡು ಕನ್ನಡಕ ಒರೆಸಿದರು. ಆ ಮಾವನ ಮನೆ ಬಾಗಿಲು ಒಂದು ತೆಗೆದುಬಿಡು, ಮನೆಯವಳು ಓದಿದರೆ ಕಷ್ಟ ಅಂದರು. ತೆಗೆಯುವುದಿಲ್ಲ ಅಂದೆ.

ನವೆಂಬರ್ 20, ಬೆಳಿಗ್ಗೆ 11

ಟೀ ಬ್ರೇಕು. ಮೂವತ್ತೆಂಟು ಪಾರ್ಟ್ ಮುಗಿಯಿತು. ಈ ಡೈರಿ ತೆಗೆದು ಎರಡು ಸಾಲು ಬರೆಯುವಷ್ಟರಲ್ಲಿ ರಾಚಯ್ಯನವರು ಲೋಟ ಕೆಳಗಿಟ್ಟು ಎದುರು ಬಂದು ಕೂತಾಯಿತು —

“ಅದೇನ್ ಗೀಚ್ಕಂಡಿದ್ದೀಯವ್ವ, ಮೊದ್ಲು ಇದ ಬರ್ಕೊ, ಮರ್ತೋಯ್ತದೆ. ಶಾಫ್ಟ ಎತ್ತುವಾಗ ಯಾವತ್ತೂ ಒಬ್ನೇ ಎತ್ತಬ್ಯಾಡ ಕಣ್ಲಾ...”