ನಲವತ್ತನಾಲ್ಕಲ್ಲ, ಇಪ್ಪತ್ತನಾಲ್ಕು

ಹೊಸೂರು
12-11-2008

ಯತಿರಾಜ್ ಅವರಿಗೆ,

ನಿಮ್ಮ ಮಾಲಿನಿಯ ನಮಸ್ಕಾರ. 'ನಿಮ್ಮ' ಎಂಬುದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಬರೆದದ್ದನ್ನು ನಾನಂತೂ ಹೊಡೆದುಹಾಕುವುದಿಲ್ಲ.

ಇವತ್ತು ನಿಮ್ಮ ಅಕ್ಕನ ಊರಿಗೆ ಮರಳುತ್ತಿರುವ ಶ್ಯಾಮಣ್ಣನ ಕೈಲಿ ಫ್ಲಾಸ್ಕಿನಲ್ಲಿ ಹೊಸ ಇನ್ಸುಲಿನ್ ಬಾಟಲಿ ಕಳಿಸಿದ್ದೇನೆ. ಪತ್ರ ಕೊನೆಯವರೆಗೆ ಓದದೆ ಅದನ್ನು ಮುಟ್ಟಬೇಡಿ. ಬಾಟಲಿ ಇಟ್ಟುಕೊಂಡು ಪತ್ರವನ್ನು ಒಲೆಗೆ ಹಾಕೋಣ ಎಂದು ನಿಮಗೆ ಈಗಾಗಲೇ ಅನ್ನಿಸಿರಬೇಕು. ನೋಡಿ, ಇಲ್ಲೂ ಅನುಮಾನದಿಂದಲೇ ಶುರು ಮಾಡಿದೆ. ಇಪ್ಪತ್ತು ವರ್ಷದ ಅಭ್ಯಾಸ, ಒಂದು ಪತ್ರಕ್ಕೆ ಬಿಟ್ಟು ಹೋಗುವುದಿಲ್ಲ.

ಈ ಬೇಸಿಗೆಯಿಂದ ನಿಮ್ಮ ಸಕ್ಕರೆ ಏರುತ್ತಲೇ ಹೋಯಿತು. ಮುನ್ನೂರು, ಮುನ್ನೂರೈವತ್ತು, ನಾನೂರು. ಇಪ್ಪತ್ತನಾಲ್ಕು ಯೂನಿಟ್ ಇದ್ದ ಇನ್ಸುಲಿನ್ ಅನ್ನು ನಮ್ಮ ಡಾಕ್ಟರು ಮೂವತ್ತು ಮಾಡಿದರು, ಮೂವತ್ತಾರು ಮಾಡಿದರು, ಕೊನೆಗೆ ನಲವತ್ತನಾಲ್ಕಕ್ಕೆ ತಂದರು. ನೀವು ಕದ್ದು ಸಿಹಿ ತಿನ್ನುತ್ತಿದ್ದೀರಿ ಎಂದು ನಾನು ನನ್ನ ಪಾಲಿನ ಅನುಮಾನ ಏರಿಸಿದೆ. ನಿಮ್ಮ ಅಂಗಿ ಜೇಬು ತಡವಿದೆ, ಮೀಸೆ ಮೂಸಿದೆ, ಸ್ಕೂಟರಿನ ಡಿಕ್ಕಿಯಲ್ಲಿ ಇರುವೆ ಹುಡುಕಿದೆ.

ಜೇಬಲ್ಲಿ ಸಿಕ್ಕಿದ್ದು ಬಸ್ಸಿನ ಚೀಟಿ,
ನನಗೆ ಕಂಡದ್ದು ಬೇಕರಿಯ ಭೇಟಿ.

ಇದನ್ನು ಊಟಕ್ಕೆ ಕೂತಾಗ ನಿಮಗೇ ಹೇಳಿದ್ದೆ. ಪ್ರಾಸ ಚೆನ್ನಾಗಿತ್ತು. ನೀವು ನಗಲಿಲ್ಲ, ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದಿರಿ. ಹೊರಗೆ ಹೊಟ್ಟೆ ತುಂಬಿಸಿಕೊಂಡು ಬಂದಿದ್ದಾರೆ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ನಿಮ್ಮ ಬಲತೊಡೆ ಊದಿ ಕಲ್ಲಿನಂತಾಗಿತ್ತು. ಕೈ ತಾಗಿದರೆ ಕಿರುಚುತ್ತಿದ್ದಿರಿ. "ಎಲ್ಲೂ ಬಿದ್ದಿಲ್ಲ ಕಣೇ" ಎಂದಿರಿ. ಬಿದ್ದು ಮುಚ್ಚಿಡುತ್ತಿದ್ದೀರಿ ಎಂದುಕೊಂಡೆ. ಇಲ್ಲಿನವರು ರಕ್ತ ಹೆಪ್ಪುಗಟ್ಟಿದೆಯೇನೋ ಎಂದರು, ಇರಲಿಲ್ಲ. ಕೀವು ಎಂದರು, ಜ್ವರವೇ ಇರಲಿಲ್ಲ. ಕೊನೆಗೆ ಬೆಂಗಳೂರಿನ ದೊಡ್ಡ ಸ್ಕ್ಯಾನಿಂಗ್. ಅಲ್ಲಿನ ಡಾಕ್ಟರು ಪಟ ತೋರಿಸಿ, ಸಕ್ಕರೆ ಬಹಳ ಕಾಲ ಹದ್ದು ಮೀರಿದರೆ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ತೊಡೆಯ ಸ್ನಾಯುವಿನ ಒಂದು ಭಾಗ ರಕ್ತ ಸಿಗದೆ ಸತ್ತಿದೆ, ತೀರಾ ಅಪರೂಪ, ನನ್ನ ಸರ್ವಿಸಿನಲ್ಲಿ ನೀವು ಎರಡನೆಯವರು ಎಂದರು. ಕೊಯ್ಯುವುದು ಬೇಡ, ತಿಕ್ಕುವುದು ಬೇಡ, ಕಾಲಿಗೆ ವಿಶ್ರಾಂತಿ ಕೊಡಿ, ಸಕ್ಕರೆ ಇಳಿಸಿ, ಇಲ್ಲದಿದ್ದರೆ ಇನ್ನೊಂದು ತೊಡೆಗೂ ಬರಬಹುದು ಎಂದರು.

ಆಗ ನಾನು ಕೇಳಿದೆ: "ಈಗಲಾದ್ರೂ ನಿಜ ಹೇಳ್ರಿ, ಡಾಕ್ಟರ ಮುಂದೆ. ಹೊರಗೆ ಏನೇನು ತಿಂದ್ರಿ?"

ನೀವು ಗೋಡೆ ನೋಡಿದಿರಿ. ಮರುದಿನವೇ ನಿಮ್ಮ ಅಕ್ಕ ಗಂಗರತ್ನಮ್ಮ ಅಂಚೆಟ್ಟಿ ಕಡೆಯಿಂದ ವ್ಯಾನು ಮಾಡಿಕೊಂಡು ಬಂದರು. ಹತ್ತುವಾಗ ನೀವು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ: "ನಿನ್ನ ಮನೇಲಿ ನಾನು ಕಳ್ಳ. ಅಕ್ಕನ ಮನೇಲಿ ಬರೀ ರೋಗಿಯಾಗಿ ಇರ್ತೀನಿ." ಇನ್ಸುಲಿನ್ ಬಾಟಲಿಗಳನ್ನು ಚೀಲಕ್ಕೆ ಹಾಕಿ ಕೊಟ್ಟವಳು ನಾನೇ.

ಮೊನ್ನೆ ರೇಷ್ಮೆಗೂಡು ಮಾರಲು ಬಂದ ಶ್ಯಾಮಣ್ಣ, ಅಲ್ಲೂ ನಿಮ್ಮ ಸಕ್ಕರೆ ಮುನ್ನೂರೆಂಬತ್ತು ಇದೆಯಂತೆ ಎಂದ. ನಿಮ್ಮ ಅಕ್ಕ ಬೆಲ್ಲದ ಕಾಫಿ ಕೊಡುತ್ತಿರಬೇಕು ಎಂದೆ.

"ಏನಕ್ಕಾ ಹಿಂಗಂತೀಯ? ಮುದ್ದೆ, ಹುಳ್ಳಿ ಸಾರು ಬುಟ್ರೆ ಅಣ್ಣ ಇನ್ನೇನೂ ಮುಟ್ಟಾಕಿಲ್ಲ. ಅಂಗ್ಡಿಗೆ ಎರಡು ಮೈಲಿ ನಡೀಬೇಕು, ಅವ್ರಿಗೆ ಬಾಗ್ಲು ದಾಟಾಕೇ ಆಗಲ್ಲ!"

ನಿಮ್ಮ ಅಕ್ಕ ಅಲ್ಲವೆಂದ ಮೇಲೆ ಅನುಮಾನಕ್ಕೆ ಬೇರೆ ಜಾಗ ಬೇಕಲ್ಲ. ನಿನ್ನೆ ಮನೆಯಲ್ಲಿ ಉಳಿದಿದ್ದ ಬಾಟಲಿ ಹಿಡಿದು ಔಷಧಿ ಅಂಗಡಿ ವೆಂಕಿಯ ಹತ್ತಿರ ಹೋದೆ. ನಕಲಿ ಮಾಲು ಮಾರುತ್ತೀಯಾ ಎಂದು ನಾಲ್ಕು ಜನರ ಮುಂದೆ ಜೋರು ಮಾಡಿದೆ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ. ಗಾಜಿನ ಒಳಗೆ ನುಚ್ಚಿನಂಥ ಚೂರುಗಳು ಅಂಟಿಕೊಂಡಿದ್ದವು.

"ಇದನ್ನ ಎಲ್ಲಿ ಮಡಗಿದ್ರಿ ಅಕ್ಕಾ?"

"ಫ್ರಿಜ್ಜಲ್ಲಿ. ಮೇಲೆ, ಫ್ರೀಜರಲ್ಲಿ. ಕರೆಂಟು ಹೋದ್ರೂ ತಣ್ಣಗಿರಲಿ ಅಂತ."

"ಅಯ್ಯೋ ಸಾಮೀ! ಒಂದ್ಸಲ ಗಡ್ಡೆ ಕಟ್ತು ಅಂದ್ರೆ ಔಷ್ದಿ ಸತ್ತೋಯ್ತು ಅಕ್ಕಾ. ಆಮೇಲೆ ಅದು ನೀರಿದ್ದಂಗೆ."

ನೆನಪಿದೆಯಲ್ಲ, ಏಪ್ರಿಲ್‌ನಿಂದ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ಆಗ ಬಾಟಲಿಗಳನ್ನು ಮೇಲಕ್ಕೆ ಸೇರಿಸಿದೆ. ದಿನಾ ಬೆಳಿಗ್ಗೆ ಎರಡು ಅಂಗೈ ನಡುವೆ ಉರುಳಿಸಿ ಕರಗಿಸಿ, ನಿಮ್ಮ ಹೊಟ್ಟೆಗೆ ನಾನೇ ಚುಚ್ಚುತ್ತಿದ್ದೆ. ಆರು ತಿಂಗಳು ಚುಚ್ಚಿದ್ದು ನೀರು. ನಿಮ್ಮ ಜೇಬನ್ನೆಲ್ಲ ಜಾಲಾಡಿದ ನಾನು ನನ್ನ ಫ್ರಿಜ್ಜಿನ ಬಾಗಿಲನ್ನು ಅನುಮಾನದಿಂದ ಒಮ್ಮೆಯೂ ತೆಗೆಯಲಿಲ್ಲ.

ಇನ್ನೂ ಒಂದು ಹೇಳಿಬಿಡುತ್ತೇನೆ. ಅಂಗಡಿಯಿಂದ ಬರುವಾಗ ನನಗೆ ಹೊಳೆದ ಉಪಾಯ ಬೇರೆ ಇತ್ತು. ಹೊಸ ಬಾಟಲಿ ಸುಮ್ಮನೆ ಕಳಿಸುವುದು, ಹಳೆಯದು ತಾರೀಖು ಮೀರಿದೆ ಎನ್ನುವುದು. ಸಕ್ಕರೆ ತಾನಾಗಿ ಇಳಿಯುತ್ತದೆ, ನನ್ನ ಮಾನ ಉಳಿಯುತ್ತದೆ. ಆದರೂ ನಮ್ಮ ಡಾಕ್ಟರನ್ನು ಒಂದು ಮಾತು ಕೇಳಿಬರೋಣವೆಂದು ಹೋದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು. "ನಲವತ್ತನಾಲ್ಕಕ್ಕೆ ಏರಿಸಿದ್ದು ಸತ್ತ ಔಷಧಿಗಮ್ಮಾ. ಜೀವ ಇರೋ ಔಷಧಿ ಅಷ್ಟು ಹಾಕಿದ್ರೆ ಸಕ್ಕರೆ ಒಂದೇ ಸಲ ಕುಸಿದು ಎಚ್ಚರ ತಪ್ತಾರೆ. ಆ ಬೆಟ್ಟದೂರಲ್ಲಿ ಬಸ್ಸು ಬರೋ ತನಕ ಉಳೀತಾರಾ?"

ಹಾಗಾಗಿ ಸುಳ್ಳು ಹೇಳಲು ನನಗೆ ದಾರಿಯೇ ಉಳಿಯಲಿಲ್ಲ.

ಇಪ್ಪತ್ತನಾಲ್ಕು ಹಾಕಿಕೊಳ್ಳಿ. ನಲವತ್ತನಾಲ್ಕಲ್ಲ. ಡಾಕ್ಟರ ಚೀಟಿ ಜೊತೆಗಿದೆ, ನನ್ನ ಮಾತು ನಂಬದಿದ್ದರೆ ಅದನ್ನು ನಂಬಿ. ಹಳೆಯ ಬಾಟಲಿ ಎಸೆಯಿರಿ. ಹೊಸದನ್ನು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ ನೀರು ತಾಗದಂತೆ ಇಡಿ. ನಿಮ್ಮ ಅಕ್ಕ ಎಣ್ಣೆ ಹಾಕಿ ತೊಡೆ ತಿಕ್ಕಿಸುತ್ತಿದ್ದಾರಂತೆ, ಇವತ್ತೇ ನಿಲ್ಲಿಸಿ. ಬೆವರು, ನಡುಕ ಬಂದರೆ ತಕ್ಷಣ ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಹೌದು, ಸಕ್ಕರೆಯೇ. ಅರ್ಧ ಕೆ.ಜಿ. ಪೊಟ್ಟಣ ಕಟ್ಟಿ ಕಳಿಸಿದ್ದೇನೆ.

ಈ ಪತ್ರಕ್ಕೂ ಒಂದು ಪ್ರಾಸ ಹುಡುಕಿದೆ. ಸಿಗಲಿಲ್ಲ. ಮನೆಗೆ ಬನ್ನಿ ಎನ್ನುವ ಬಾಯಿಯೂ ನನಗಿಲ್ಲ. ಕಾಲು ಊರುವ ಹಾಗಾದರೆ ಶ್ಯಾಮಣ್ಣನ ಕೈಲಿ ಒಂದು ಸಾಲು ಕಳಿಸಿ. ಲ್ಯಾಬಿನ ಚೀಟಿ ಕೇಳುವುದಿಲ್ಲ.

ಇಂತಿ,
ಮಾಲಿನಿ

ಮ.ವಿ.: ಇದು ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದು. ನಿಮ್ಮ ಫ್ಯಾಕ್ಟರಿ ಕ್ಯಾಂಟೀನಿನ ಪಾಪಯ್ಯನಿಗೆ ನಿಮ್ಮ ಮೇಲೆ ಒಂದು ಕಣ್ಣಿಡಲು ಜೂನ್‌ನಲ್ಲೇ ಹೇಳಿದ್ದೆ. ಪ್ರತಿ ಭಾನುವಾರ ಬಂದು ಹೇಳಿ ಹೋಗುತ್ತಿದ್ದ: "ಅಣ್ಣಾರು ಬರೀ ಮಜ್ಜಿಗೆ ಅಕ್ಕಾ. ಪೂಜೆ ದಿನ ಕೊಟ್ಟ ಲಡ್ಡೂನೂ ಪಕ್ಕದೋರಿಗೆ ಕೊಟ್ಬುಟ್ರು." ಆ ಲಡ್ಡು ಪಕ್ಕದವನ ಬಾಯಿ ಮುಚ್ಚಿಸಲು ಕೊಟ್ಟದ್ದು ಎಂದು ತೀರ್ಮಾನಿಸಿದೆ. ಡಾಕ್ಟರ ಮುಂದೆ ನಿಮ್ಮನ್ನು ಕೇಳಿದೆನಲ್ಲ, ಆ ಪ್ರಶ್ನೆಗೆ ಉತ್ತರ ನನಗೆ ಮೂರು ತಿಂಗಳ ಮೊದಲೇ ಸಿಕ್ಕಿತ್ತು.