ಬಿಟ್ಟು ಓದಬೇಕಿದ್ದ ಹೆಸರು

ರಾಂಚಿ, ಶನಿವಾರ

ಪರಶು ಕಾಕಾನಿಗೆ ಅನಿತಾಳ ನಮಸ್ಕಾರ.

ರಿಜಿಸ್ಟ್ರಾರ್ ಆಗಿ ಈ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಬಂದ ಮೇಲೆ ಇಂದು ಮೊದಲ ಘಟಿಕೋತ್ಸವ. ಪರೀಕ್ಷೆ ಮುಗಿಸಿ ತೀರಿಕೊಂಡ ಹುಡುಗನೊಬ್ಬನ ಹೆಸರು ಬಿಟ್ಟು ಓದಲು ನಿರ್ದೇಶಕರು ಹೇಳಿದ್ದರು. ನನಗೆ ಬೆಳವಣಕಿಯಲ್ಲಿ ನೀವು ಕಲಿಸುತ್ತಿದ್ದ ಸಾಲಿ ನೆನಪಾಯಿತು. ನಾನು ಅವ್ವನ ಜೊತೆ ಕೂಲಿಗೆಂದು ಗುಳೆ ಹೋದಾಗಲೂ ನೀವು ಹಾಜರಿಯಲ್ಲಿ ನನ್ನ ಹೆಸರು ದಿನಾ ಕೂಗುತ್ತಿದ್ದಿರಿ. "ಊರಾಗಿಲ್ಲಂದ್ರೇನಾತು, ನಮ್ಮ ಸಾಲಿ ಹುಡುಗಿ ಅಲ್ಲೇನು?" ಅನ್ನುತ್ತಿದ್ದಿರಿ.

ಆ ಹುಡುಗನ ಹೆಸರನ್ನೂ ಓದಿಬಿಟ್ಟೆ. ಹಿಂದಿನ ಕುರ್ಚಿಯಿಂದ ಅವನ ತಾಯಿ ಎದ್ದು ವೇದಿಕೆಗೆ ಬಂದರು. ಅವನ ಪದವಿಪತ್ರ ಅಚ್ಚೇ ಆಗಿರಲಿಲ್ಲ. ಖಾಲಿ ಫೈಲು ಕೊಟ್ಟೆ. ಅದನ್ನೇ ಕಣ್ಣಿಗೊತ್ತಿಕೊಂಡರು.

ನಿರ್ದೇಶಕರು ಸಿಟ್ಟಾಗಿದ್ದಾರೆ. ನೀವು ಮೊಣಕಾಲಿನ ಗುಳಿಗೆ ತಪ್ಪಿಸಬೇಡಿ. ಆ ಹುಡುಗನ ಪದವಿಪತ್ರ ಅವನ ತಾಯಿಯ ಕೈಗೆ ಮುಟ್ಟಿಸದೆ ನಾನು ಊರಿಗೆ ಬರುವುದಿಲ್ಲ. ಅಲ್ಲಿಯವರೆಗೆ ನನ್ನ ಹೆಸರು ಕೂಗುತ್ತಿರಿ.

ಅನಿತಾ