ಉಪ್ಪಿನಕಾಯಿ ಭರಣಿಯಲ್ಲಿದ್ದ ಕಲ್ಲು

ಬೈಕುಲ್ಲಾ, ಮುಂಬಯಿ
ತಾ. ೨೬ ಮೇ ೧೯೫೭

ಪ್ರೀತಿಯ ಅಮ್ಮನಿಗೆ,

ವಿನೋದಿನಿ ಮಾಡುವ ನಮಸ್ಕಾರ. ‘ಪ್ರೀತಿಯ’ ಎಂದು ಬರೆಯಲು ಇವತ್ತು ಕೈ ಏಳಲಿಲ್ಲ. ಬೇರೆ ಶಬ್ದ ಹೊಳೆಯಲಿಲ್ಲವಾದ್ದರಿಂದ ಬರೆದೆ. ನಾನಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಅದನ್ನೂ ಬಿಡುತ್ತೇನೆ, ನಮ್ಮಿಬ್ಬರ ನಡುವೆ ಸುಳ್ಳು ಸಾಕಷ್ಟಾಗಿದೆ.

ನಾನು ಕಾಶವ್ವನ ಕೋಣೆಯಲ್ಲಿದ್ದೇನೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಧಾರವಾಡದ ಹುಡುಗಿ; ಅವಳು ತಂದ ಜೋಳದ ರೊಟ್ಟಿ ತಿಂದು ನೀನು ಹೊಗಳಿದ್ದೆ. ಈಗ ಇಲ್ಲೇ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ನಾನು ಬಂದಂದಿನಿಂದ, “ಏನಾಗೇತಿ ಹೇಳವಾ, ಹಿಂಗ ಗ್ವಾಡಿ ನೋಡ್ಕೋತ ಕುಂತ್ರ ಹೆಂಗ?” ಎಂದು ಪೀಡಿಸುತ್ತಿದ್ದಾಳೆ. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ್ದು ಇದರಲ್ಲಿ ಕಡಿಮೆ.

ಕಲ್ಲಿನ ಪಾಠ ನಾನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ನಿನ್ನ ಅಡುಗೆಮನೆಯಲ್ಲಿ ಕಲಿತದ್ದೇ ಹೆಚ್ಚು. ಉಗುರಿನಲ್ಲಿ ಗೀರು ಬೀಳುತ್ತದೆಯೇ, ತಾಮ್ರದ ಕಾಸಿನಲ್ಲಿ ಬೀಳುತ್ತದೆಯೇ, ಚೂರಿಗೆ ಬಗ್ಗುತ್ತದೆಯೇ ಎಂದು ನಾನು ಬಾಯಿಪಾಠ ಮಾಡುತ್ತಿದ್ದರೆ ನೀನು ತೆಂಗಿನಕಾಯಿ ತುರಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಎರಡು ಬಿಳಿ ಕಲ್ಲು ತಂದಿಟ್ಟು ಯಾವುದು ಸುಣ್ಣದ ಜಾತಿ, ಯಾವುದು ಬೆಣಚು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ನೀನು ಸುಮ್ಮನೆ ಎರಡರ ಮೇಲೂ ಲಿಂಬೆಹಣ್ಣು ಹಿಂಡಿದೆ. ಒಂದು ನೊರೆ ಬಿಟ್ಟಿತು, ಇನ್ನೊಂದು ಬಿಡಲಿಲ್ಲ. “ಬೆಳ್ಳಗಿರುವುದೆಲ್ಲಾ ಹಾಲಲ್ಲ ಮಗಾ,” ಎಂದು ನೀನು ನಕ್ಕೆ. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಕಾಲೇಜಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಅಪ್ಪ ಹೋದ ಮೇಲೆ ಸಾಂತಾಕ್ರೂಜಿನಲ್ಲಿ ಅಣ್ಣು ಮಾವನ ಹೋಟೆಲಿನ ಮೇಲಿನ ಆ ಎರಡು ಕೋಣೆಗಳಲ್ಲಿ ನಾವು ಮನಸಾರೆ ನಕ್ಕದ್ದು ಕಲ್ಲುಗಳ ದೆಸೆಯಿಂದಲೇ.

ಜೋಗೇಶ್ವರಿಯ ಕಲ್ಲುಕ್ವಾರಿಗೆ ಭಾನುವಾರ ನೀನೂ ಬರುತ್ತಿದ್ದೆ. ಆ ಕರಿಕಲ್ಲಿನ ಪೊಟರೆಯೊಳಗೆ ನೀರು ಜಿನುಗುವ ಕಡೆ, ಬೀಸಣಿಗೆ ಬಿಚ್ಚಿದ ಹಾಗೆ ನಿಂತಿದ್ದ ಗಾಜಿನಂಥ ಹರಳುಗಳನ್ನು ನಾನು ಕಂಡಾಗ ಮೊದಲು ಕೂಗಿದವಳು ನೀನು. ಅಂಗೈ ಅಗಲದ ತುಂಡನ್ನು ಒದ್ದೆ ಸೆರಗಿನಲ್ಲಿ ಸುತ್ತಿ ಲೋಕಲ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದವಳೂ ನೀನೇ. ಆ ತುಂಡು ಒದ್ದೆ ಬಟ್ಟೆಯಲ್ಲೇ ಇತ್ತು; ಅದರ ಜೊತೆ ತಂದ ಒಂದು ಸಣ್ಣ ಚೂರನ್ನು ನಾನು ಕಿಟಕಿಯಲ್ಲಿ ಬಿಟ್ಟಿದ್ದೆ. ಕೆಲವೇ ದಿನಗಳಲ್ಲಿ ಅದು ಮಂಕಾಗಿ, ಮುಟ್ಟಿದರೆ ಹುಡಿಯಾಯಿತು. ಪುಸ್ತಕ ತೆಗೆದು ನೋಡಿದರೆ ಲೌಮೊಂಟೈಟ್: ಒಳಗೆ ನೀರಿಟ್ಟುಕೊಂಡು ಬದುಕುವ ಜಾತಿ, ಒಣಗಿದರೆ ಮುಗಿಯಿತು. “ಹೆಚ್ಚಿದ ಬಾಳೆಕಾಯಿಯನ್ನು ನೀರಿಗೆ ಹಾಕುವುದಿಲ್ಲವಾ? ದೊಡ್ಡದನ್ನು ಹಾಗೇ ಹಾಕಿಡು,” ಎಂದು ನೀನೇ ಉಪ್ಪಿನಕಾಯಿ ಭರಣಿ ತೊಳೆದು ಕೊಟ್ಟೆ. ಆದ್ದರಿಂದ, ನನಗೆ ಗೊತ್ತಿರಲಿಲ್ಲ ಎಂದು ಮಾತ್ರ ನೀನು ಹೇಳುವ ಹಾಗಿಲ್ಲ.

ಕಾಲೇಜಿನ ಕಲ್ಲಿನ ಸಂಗ್ರಹಕ್ಕೆ ಒಬ್ಬರು ಸಹಾಯಕರು ಬೇಕಾಗಿದ್ದಾರೆ, ಅರ್ಜಿ ಹಾಕುವವರು ತಾವೇ ಹುಡುಕಿ ಗುರುತಿಸಿದ ಒಂದು ಕಲ್ಲು ತರಬೇಕು ಎಂದು ಪ್ರೊಫೆಸರರು ಹೇಳಿದ ದಿನ ನೀನು ದೇವರಿಗೆ ದೀಪ ಹಚ್ಚಿದೆ. ಮರುವಾರವೇ ಮಾಟುಂಗದ ಹೋಟೆಲಿನವರು ನನ್ನನ್ನು ನೋಡಲು ಬಂದರು. ಹುಡುಗಿ ಹೊರಗೆ ದುಡಿಯುವುದು ತಮ್ಮಲ್ಲಿ ನಡೆಯುವುದಿಲ್ಲ ಎಂದು ಕಾಫಿ ಕುಡಿಯುತ್ತ ಹೇಳಿಹೋದರು. ನಮ್ಮಲ್ಲಿ ಸೋದರಮಾವ ಕೊಟ್ಟ ಮಾತಿಗೆ ಎದುರಿಲ್ಲ. ಅಣ್ಣು ಮಾವ ಕೊಟ್ಟೂಬಿಟ್ಟರು. ನಾನು ಒಲ್ಲೆ ಎಂದೆ. ನೀನು ಒಳಗೆ ಬಂದು ನನ್ನ ತಲೆ ಸವರಿ, “ನೀನು ಹೆದರಬೇಡ, ಕೆಲಸ ಒಂದು ಆಗಲಿ, ಅಣ್ಣನ ಹತ್ತಿರ ನಾನು ಮಾತಾಡುತ್ತೇನೆ,” ಎಂದೆ. ಆ ಮಾತನ್ನು ನಂಬಿಕೊಂಡೇ ನಾನು ಕಾಲೇಜಿನವರ ಜೊತೆ ನಾಸಿಕದ ಕಡೆ ಕಲ್ಲು ನೋಡಲು ಹೋದದ್ದು. ಹೊರಡುವಾಗ, ಭರಣಿಯ ನೀರು ಕಡಿಮೆಯಾಗದಂತೆ ನೋಡಿಕೋ ಎಂದು ನಿನಗೆ ಹೇಳಿಹೋದೆ. ನಿನಗೆ, ಅಮ್ಮಾ!

ಮೂರು ವಾರ ಬಿಟ್ಟು ಬಂದರೆ ಭರಣಿಯಲ್ಲಿ ಬಿಳಿ ಹುಡಿ. “ನಿನ್ನೆ ಮುನಿಸಿಪಾಲಿಟಿಯ ಸೊಳ್ಳೆಯವರು ಬಂದಿದ್ದರು, ನಿಂತ ನೀರನ್ನೆಲ್ಲ ಚೆಲ್ಲಿಸಿಹೋದರು, ನಾನು ಎಷ್ಟು ಬೇಡಿದರೂ ಕೇಳಲಿಲ್ಲ,” ಎಂದು ನೀನು ಅತ್ತೆ. ನಾನು ನಿನ್ನ ಕಣ್ಣೊರೆಸಿ, ಹೋಗಲಿ ಬಿಡು ಎಂದು ಸಮಾಧಾನ ಮಾಡಿದೆ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಅಷ್ಟು ದೊಡ್ಡ ಕಲ್ಲು ಒಂದೇ ದಿನದಲ್ಲಿ ನೆರಳಿನಲ್ಲಿ ಹುಡಿಯಾಗುವುದಿಲ್ಲ ಎಂಬುದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಸಂಜೆ ಟೆರೇಸಿನಿಂದ ಹಪ್ಪಳದ ಗೆರಸೆ ತರಲು ಹೋದೆ. ಗೆರಸೆಯ ಸಂದಿಯಲ್ಲಿ ಬಿಳಿ ಹಿಟ್ಟು ಕೂತಿತ್ತು. ಅಕ್ಕಿಹಿಟ್ಟಾದರೆ ಬೆರಳಿನಲ್ಲಿ ನುಣ್ಣಗೆ ಜಾರಬೇಕು. ಇದು ಜಾರಲಿಲ್ಲ, ಬಿಸಿಲಿಗೆ ಹಿಡಿದರೆ ಸೂಜಿಸೂಜಿಯಾಗಿ ಮಿನುಗಿತು. ಕೆಳಗೆ ತಂದು ಕಾದ ಕಾವಲಿಯ ಮೇಲೆ ಚಿಟಿಕೆ ಹಾಕಿದೆ. ಹಿಟ್ಟು ಕಂದಬೇಕು, ವಾಸನೆ ಬರಬೇಕು. ಏನೂ ಆಗದೆ ಬೆಳ್ಳಗೇ ಉಳಿಯಿತು. ನೀನು ಒಲೆಯ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಖಾಲಿ ಕಾವಲಿಗೆ ಎಂತ ಹಾಕಿದೆ ಮಾರಾಯ್ತಿ ಎಂದು ನೀನು ಕೇಳಬೇಕಿತ್ತು. ಕೇಳಲಿಲ್ಲ. ಮುಖ ತಿರುಗಿಸಿ ಸಾರಿಗೆ ಉಪ್ಪು ಹಾಕಿದೆ. ಹಾಕಿದ ಸಾರಿಗೇ ಮತ್ತೊಮ್ಮೆ ಹಾಕಿದೆ.

ನಾನು ಜಗಳ ಮಾಡದೆ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ. ಜಗಳವಾಡಿದ್ದರೆ ನೀನು ಇನ್ನೊಂದು ಸುಳ್ಳು ಹುಡುಕಬೇಕಾಗುತ್ತಿತ್ತು.

ಮಾವ ಕಲ್ಲನ್ನು ಎತ್ತಿ ಬೀದಿಗೆ ಎಸೆದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅವರಿಗೆ ಕಲ್ಲೆಂದರೆ ಇಡ್ಲಿಗೆ ರುಬ್ಬುವ ಕಲ್ಲು, ಅಷ್ಟೇ. ನೀನು ಹಾಗಲ್ಲ. ಅದು ಯಾವುದರಿಂದ ಬದುಕುತ್ತದೆ, ಯಾವುದರಿಂದ ಸಾಯುತ್ತದೆ ಎಂದು ನನ್ನ ಜೊತೆ ಕೂತು ಕಲಿತವಳು. ಕಲಿತದ್ದನ್ನೇ ಹಿಡಿದು ನನ್ನ ಕುತ್ತಿಗೆ ಕೊಯ್ದೆ. ಅಣ್ಣನಿಗೆ ನೀನು ಹೆದರುತ್ತೀ ಎಂದು ನನಗೆ ಗೊತ್ತು, ಆ ಕೋಣೆ ಬಿಟ್ಟರೆ ನಿನಗೆ ಬೇರೆ ನೆಲೆಯಿಲ್ಲ ಎಂಬುದೂ ಗೊತ್ತು. ಹೆದರಿಕೆಯಾಗುತ್ತದೆ ಮಗಾ, ನನ್ನಿಂದ ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಸೇರಿ ಹೆದರಬಹುದಿತ್ತು. ಅದರ ಬದಲು ದೀಪ ಹಚ್ಚಿ, ತಲೆ ಸವರಿ, ನನ್ನನ್ನು ರೈಲು ಹತ್ತಿಸಿ, ಕಲ್ಲನ್ನು ಹಪ್ಪಳದ ಜೊತೆ ಬಿಸಿಲಿಗೆ ಹಾಕಿದೆ.

ಹುಡಿಯನ್ನೇ ಪೊಟ್ಟಣ ಕಟ್ಟಿಕೊಂಡು ಸಂದರ್ಶನಕ್ಕೆ ಹೋದೆ. ಪ್ರೊಫೆಸರರು ಅದನ್ನು ಕಾಗದದ ಮೇಲೆ ಸುರುವಿ, ಭೂತಕನ್ನಡಿಯಲ್ಲಿ ನೋಡಿ, ನಾನು ಬರೆದ ಟಿಪ್ಪಣಿ ಓದಿ ತಲೆದೂಗಿದರು. ಹೀಗೆ ಹುಡಿಯಾಗುವುದೇ ಇದರ ಗುರುತು, ನೀವು ಸರಿಯಾಗಿ ಗುರುತಿಸಿದ್ದೀರಿ ಎಂದರು. ನೋಡು, ನಿನ್ನ ಬಿಸಿಲು ಕೂಡ ನನ್ನನ್ನು ಸುಳ್ಳು ಮಾಡಲಿಲ್ಲ.

ಆದರೂ ಕೆಲಸ ನನಗೆ ಸಿಗಲಿಲ್ಲ. ಪುಣೆಯ ಹುಡುಗನೊಬ್ಬನನ್ನು ತೆಗೆದುಕೊಂಡರು. ಮಾವ ಇವತ್ತು ಹೋಟೆಲಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಬಹುದು. ಮಾಟುಂಗದವರಿಗೆ ಮಾತ್ರ ಬೇರೆ ಹುಡುಗಿ ನೋಡಲು ಹೇಳು. ಜೂನ್‌ನಿಂದ ಕಾಶವ್ವನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಲು ಒಪ್ಪಿದ್ದೇನೆ. ಸಾಂತಾಕ್ರೂಜಿಗೆ ನಾನು ಬರುವುದಿಲ್ಲ. ನೀನೂ ಈಗಲೇ ಇಲ್ಲಿಗೆ ಬರಬೇಡ; ನಿನ್ನ ಮುಖ ನೋಡಿದರೆ ನನಗೆ ಅಳು ಬರುತ್ತದೆ, ಅತ್ತರೆ ನೀನು ಕಣ್ಣೊರೆಸುತ್ತೀ, ಆಮೇಲೆ ನಾನು ಮತ್ತೆ ನಂಬಿಬಿಡುತ್ತೇನೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ಇತಿ ನಿನ್ನ ಮಗಳು,
ವಿನೋದಿನಿ

ತಾ.ಕ.: ಗುರುತಿಸಿದ್ದು ಸರಿಯಿದ್ದರೂ ಕೆಲಸ ಯಾಕೆ ಕೊಡಲಿಲ್ಲ ಎಂದು ನೀನು ಯೋಚಿಸಬಹುದು. ಇಷ್ಟು ಒಳ್ಳೆಯ ಕಲ್ಲನ್ನು ಒಣಗಲು ಬಿಟ್ಟವರು ಯಾರು ಎಂದು ಪ್ರೊಫೆಸರರು ಕೇಳಿದರು. ಆ ಕೋಣೆಯಲ್ಲಿ ಅಷ್ಟು ಜನರ ಮುಂದೆ ನಿನ್ನ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ. ನಾನೇ, ಮರೆತೆ ಎಂದೆ. ಕಲ್ಲು ಕಾಯಲು ಬಾರದವರನ್ನು ಸಂಗ್ರಹಕ್ಕೆ ತೆಗೆದುಕೊಳ್ಳುವುದು ಹೇಗೆ ಎಂದು ಅವರು ಪೊಟ್ಟಣ ಮಡಿಸಿ ನನ್ನ ಕೈಗೆ ಕೊಟ್ಟರು. “ಖರೇ ಹೇಳಿದ್ರ ನೌಕರಿ ನಿನಗ ಸಿಗ್ತಿತ್ತಲ್ಲ, ಹುಚ್ಚಿ!” ಎಂದು ಕಾಶವ್ವ ಇನ್ನೂ ಬೈಯುತ್ತಿದ್ದಾಳೆ. ಸಿಗುತ್ತಿತ್ತು, ಅಮ್ಮಾ.